ನಾನು ಎಲ್ಲಿ ನಿಲ್ಲುವುದು ಮಾರಾಯ್ರೆ?

ನನ್ನ ಗಿಟಾರ್ ಆಲ್ಬಮ್ ಎಲ್ಲಿಗೆ ಬಂತು ಅಂತ ಕೇಳುತ್ತಿರುವವರಿಗೆಲ್ಲ ಒಟ್ಟಿಗೇ ಉತ್ತರ ಕೊಟ್ಟುಬಿಡುತ್ತೇನೆ. ಎಂಟು ಟ್ಯೂನ್‌ಗಳಲ್ಲಿ ಆರು ಮುಗಿದಿವೆ. ಒಂದು ಕೆಟ್ಟುಹೋಯಿತು, ಕೈಬಿಟ್ಟೆ. ಉಳಿದ ಒಂದು ಎಲ್ಲಕ್ಕಿಂತ ಚೆನ್ನಾಗಿ ಬಂದಿದೆ, ಆದರೆ ಅದರಲ್ಲಿ ನಾನು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಗಿಟಾರಿನವನ ಆಲ್ಬಮ್, ಗಿಟಾರೇ ಇಲ್ಲ. ಇವತ್ತು ಬರೆಯಲು ಕೂತದ್ದು ಅದರ ಬಗ್ಗೆಯೇ. ಆದರೆ ನನ್ನ ಅಭ್ಯಾಸ ಗೊತ್ತಲ್ಲ, ಮುಂಬಯಿಯ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಮಾಟುಂಗಕ್ಕೆ ಹೋಗಬೇಕಾದರೂ ಸೀಟಿಗಾಗಿ ಹಿಂದಕ್ಕೆ ಕಲ್ಯಾಣಕ್ಕೆ ಹೋಗಿ ಅಲ್ಲಿಂದ ಕೂತು ಬರುವ ಜಾತಿ ನಮ್ಮದು. ಇದೂ ಸ್ವಲ್ಪ ಸುತ್ತು ಹೊಡೆಯುತ್ತದೆ.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ಅಪ್ಪ ಕುಂದಾಪುರದ ಕಡೆಯವರು. ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಬಂದರು. ಮಾಟುಂಗದ ಹೋಟೆಲಿನಲ್ಲಿ ಟೇಬಲ್ ಒರೆಸಿದರು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿದರು, ಕೊನೆಗೆ ಅದೇ ಹೋಟೆಲಿನ ಗಲ್ಲೆಯಲ್ಲಿ ಕೂತರು. ನಾನು ಹಗಲು ಬಲ್ಲಾರ್ಡ್ ಎಸ್ಟೇಟಿನ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಕಾಗದಪತ್ರ ನೋಡುತ್ತೇನೆ. ವಾರಕ್ಕೆ ಎರಡು ಸಂಜೆ ಒಂದು ಹೋಟೆಲಿನ ಲಾಬಿಯಲ್ಲಿ ಗಿಟಾರ್ ನುಡಿಸುತ್ತೇನೆ. ಹನ್ನೊಂದು ವರ್ಷ ಆಯಿತು. ಲಾಬಿ ಕೆಲಸಕ್ಕೆ ನಿಯಮ ಒಂದೇ: ಯಾರೂ ತಲೆ ಎತ್ತಿ ನೋಡಬಾರದು. ನೋಡಿದರೆ ನೀವು ಜೋರಾಗಿ ನುಡಿಸುತ್ತಿದ್ದೀರಿ ಅಂತ ಅರ್ಥ. ಮ್ಯಾನೇಜರ್ ಬಂದು ನಗುನಗುತ್ತಲೇ ಆಂಪಿನ, ಅಂದರೆ ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆಯ ಕಡೆ ಬೆರಳು ತೋರಿಸುತ್ತಾರೆ.

ನಾನು ನುಡಿಸುವುದಕ್ಕೆ ಸ್ಮೂತ್ ಜಾಝ್ ಅಂತ ಹೆಸರು. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಬಹಳ ಉತ್ಸಾಹದಿಂದ ಕೇಳಿಸಿದ್ದೆ. ಅವಳು ಪೂರ್ತಿ ಕೇಳಿ, "ಇದು ಹಲ್ಲಿನ ಡಾಕ್ಟ್ರ ಹತ್ತಿರ ಕೂತಾಗ ಬರ್ತದಲ್ಲ, ಅದೇ ಅಲ್ವಾ?" ಅಂದಳು. ಅದೇ. ಸುಳ್ಳು ಹೇಳಿ ಏನು ಪ್ರಯೋಜನ.

ಈ ಸಂಗೀತಕ್ಕೆ ಮರ್ಯಾದೆ ಕಡಿಮೆ ಅನ್ನುವುದು ನನಗೆ ಗೊತ್ತು. ಜಾಝ್‌ನವರು ಇದನ್ನು ಜಾಝ್ ಅನ್ನುವುದಿಲ್ಲ, ಉಳಿದವರು ಇದನ್ನು ಕೇಳಿದ್ದೇವೆ ಅಂತಲೇ ನೆನಪಿಟ್ಟುಕೊಳ್ಳುವುದಿಲ್ಲ. ಆದರೆ ಇದರ ಬೇರು ಹುಡುಕಿಕೊಂಡು ಹೋದರೆ ವೆಸ್ ಮಾಂಟ್ಗೊಮರಿ ಸಿಗುತ್ತಾರೆ. ಇಂಡಿಯಾನಾಪೊಲಿಸ್‌ನವರು, ಹಗಲು ಕೂಲಿ ಕೆಲಸ, ರಾತ್ರಿ ಕ್ಲಬ್ಬಿನಲ್ಲಿ ಗಿಟಾರ್. ತಂತಿ ಮೀಟುವ ಸಣ್ಣ ಚೂರು, ಪಿಕ್, ಅದನ್ನು ಹಿಡಿಯದೆ ಹೆಬ್ಬೆರಳಿನಿಂದಲೇ ನುಡಿಸುತ್ತಿದ್ದರು. ಅಕ್ಕಪಕ್ಕದವರ ನಿದ್ದೆ ಕೆಡಬಾರದು ಅಂತ ಹಾಗೆ ಶುರು ಮಾಡಿದರು ಅನ್ನುವ ಕಥೆ ಇದೆ. ನಾನು ಆ ಕಥೆಯನ್ನು ಪೂರ್ತಿ ನಂಬುತ್ತೇನೆ. ಯಾಕೆಂದರೆ ಅವರ ಹೆಸರು ಕೇಳುವ ಮೊದಲೇ ನಾನೂ ಹೆಬ್ಬೆರಳಿನಲ್ಲೇ ಶುರು ಮಾಡಿದವನು. ಒಂದು ರೂಮು, ಒಂದು ಅಡುಗೆಮನೆ, ಬೆಳಿಗ್ಗೆ ನಾಲ್ಕಕ್ಕೆ ಏಳಬೇಕಾದ ಅಪ್ಪ ಒಂಬತ್ತಕ್ಕೆ ಮಲಗುತ್ತಿದ್ದರು. ಪಿಕ್ ಹಿಡಿದಿದ್ದರೆ ಚಪ್ಪಲಿ ಬರುತ್ತಿತ್ತು. ವೆಸ್ ಒಂದೇ ಸ್ವರವನ್ನು ಮೇಲಿನ ಸ್ಥಾಯಿ, ಕೆಳಗಿನ ಸ್ಥಾಯಿ ಎರಡರಲ್ಲೂ ಒಟ್ಟಿಗೆ ಒತ್ತಿ ನುಡಿಸುತ್ತಿದ್ದರಲ್ಲ, ಆ ಆಕ್ಟೇವ್ ಇವತ್ತಿಗೂ ಸ್ಮೂತ್ ಜಾಝ್ ಗಿಟಾರಿನ ಅನ್ನಸಾರು. ಅವರು 1968ರಲ್ಲಿ 45ನೇ ವಯಸ್ಸಿಗೆ ಹೋಗಿಬಿಟ್ಟರು. ಕೊನೆಯ ವರ್ಷಗಳಲ್ಲಿ ಜನಪ್ರಿಯ ಹಾಡುಗಳನ್ನು ಪಿಟೀಲು ಗುಂಪಿನ ಜೊತೆ ನುಡಿಸಿದ್ದಕ್ಕೆ ವಿಮರ್ಶಕರು ಮೂಗು ಮುರಿದರು. ಆಮೇಲೆ ಗಿಟಾರಿಸ್ಟ್ ಜಾರ್ಜ್ ಬೆನ್ಸನ್ 1976ರಲ್ಲಿ 'ಬ್ರೀಝಿನ್' ತಂದರು, ಅದು ಲಕ್ಷಲಕ್ಷ ಮಾರಾಟವಾಯಿತು. 1987ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಇಂಥದ್ದನ್ನೇ ಹಾಕುವ ರೇಡಿಯೋ ಸ್ಟೇಷನ್ ಬಂತು. ಅಲ್ಲಿಂದ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿಗೆ ಎಷ್ಟು ದೂರ?

ಈ ಬಗೆಯ ಆಲ್ಬಮ್‌ನಲ್ಲಿ ಅತಿಥಿಗಳು ಇರಲೇಬೇಕು ಅನ್ನುವಷ್ಟು ರೂಢಿ. ಗಿಟಾರಿನವನ ಆಲ್ಬಮ್ಮಿಗೆ ಸ್ಯಾಕ್ಸೋಫೋನಿನವನು ಬಂದು ಒಂದು ಟ್ಯೂನ್ ನುಡಿಸುತ್ತಾನೆ, ಮುಂದಿನ ವರ್ಷ ಇವನು ಅವನಲ್ಲಿಗೆ ಹೋಗುತ್ತಾನೆ. ನಮ್ಮ ಮದುವೆಗಳಲ್ಲಿ ಮುಯ್ಯಿ ಮಾಡುತ್ತಾರಲ್ಲ, ಥೇಟ್ ಅದೇ ಲೆಕ್ಕ. ಗಿಟಾರಿಸ್ಟ್ ಲೀ ರಿಟನೌರ್ 2010ರಲ್ಲಿ ಒಂದು ಆಲ್ಬಮ್‌ಗೆ ಗಿಟಾರಿಸ್ಟರನ್ನೇ ಸಾಲಾಗಿ ಕರೆದು ಕೂರಿಸಿದ್ದರು, ಬೆನ್ಸನ್ ಕೂಡ ಇದ್ದರು. ಗಿಟಾರಿನ ಆಲ್ಬಮ್ಮಿಗೆ ಗಿಟಾರಿನವರನ್ನೇ ಕರೆಯಲು ದೊಡ್ಡ ಮನಸ್ಸು ಬೇಕು. ನನಗೆ ಅಷ್ಟು ಇಲ್ಲ. ನಾನು ಕರೆದವರಲ್ಲಿ ಒಬ್ಬರ ಕೈಯಲ್ಲೂ ಗಿಟಾರ್ ಇರಲಿಲ್ಲ.

ನನ್ನ ಟ್ಯೂನ್‌ಗಳಿಗೆಲ್ಲ ಸದ್ಯಕ್ಕೆ ಸ್ಟೇಷನ್ ಹೆಸರುಗಳೇ. ಲೋಕಲ್‌ನಲ್ಲಿ ನಿಂತಾಗ ಏನಾದರೂ ಹೊಳೆದರೆ ಫೋನಿಗೆ ಗುನುಗಿಕೊಳ್ಳುತ್ತೇನೆ. ಪಕ್ಕದವರು ಹುಚ್ಚ ಅಂದುಕೊಳ್ಳುತ್ತಾರೆ, ಪರವಾಗಿಲ್ಲ. ಆಗ ಗಾಡಿ ಯಾವ ಸ್ಟೇಷನ್ನಿನಲ್ಲಿದೆಯೋ ಅದೇ ಫೈಲಿನ ಹೆಸರು. ಕುರ್ಲಾ, ವಿಕ್ರೋಲಿ, ಕಾಂಜೂರ್, ದಿವಾ, ಹೀಗೆ. ಮುಂಬ್ರಾ ಎರಡಿವೆ.

ಕುರ್ಲಾಕ್ಕೆ ಬಂದವರು ಬಾಂದ್ರಾದ ಗೋವಾ ಅಂಕಲ್. ವಯಸ್ಸು ಎಪ್ಪತ್ತು ದಾಟಿದೆ, ಆಲ್ಟೋ ಸ್ಯಾಕ್ಸೋಫೋನ್. ಹೋಟೆಲ್ ಬ್ಯಾಂಡುಗಳಲ್ಲಿ, ಹಿಂದಿ ಸಿನಿಮಾ ರೆಕಾರ್ಡಿಂಗ್‌ಗಳಲ್ಲಿ ಜೀವ ತೇಯ್ದವರು. ನಾನು ಕುರ್ಲಾವನ್ನು ಇ ಮೇಜರ್‌ನಲ್ಲಿ ಕಟ್ಟಿದ್ದೆ, ಯಾಕೆಂದರೆ ಗಿಟಾರಿನಲ್ಲಿ ಇ ಅಂದರೆ ತವರುಮನೆ, ಮೇಲಿನ ತಂತಿ ಕೆಳಗಿನ ತಂತಿ ಎರಡೂ ಅದೇ. ಆದರೆ ಆಲ್ಟೋ ಸ್ಯಾಕ್ಸ್ ಇ ಫ್ಲಾಟ್ ವಾದ್ಯ, ಅಂದರೆ ಕಾಗದದಲ್ಲಿ ಸಿ ಅಂತ ಬರೆದದ್ದನ್ನು ಊದಿದರೆ ಕೇಳುವುದು ಇ ಫ್ಲಾಟ್. ನಮ್ಮ ಇ ಅವರ ಕಾಗದದಲ್ಲಿ ಸಿ ಶಾರ್ಪ್ ಆಗಿಬಿಡುತ್ತದೆ. ಕಂಪ್ಯೂಟರ್ ಮುದ್ರಿಸಿ ಕೊಟ್ಟದ್ದನ್ನು ನೋಡದೆಯೇ ನಾನು ಅವರ ಮುಂದೆ ಇಟ್ಟೆ. ಅಂಕಲ್ ಕನ್ನಡಕ ಏರಿಸಿ ನೋಡಿದರು. "ಕ್ಯಾ ಮೆನ್, ಸಾತ್ ಶಾರ್ಪ್? ಮೇರೇಕೋ ಮಾರ್ ಡಾಲೇಗಾ ಕ್ಯಾ?" ಅಂದರು. ಇರುವುದೇ ಏಳು ಸ್ವರ, ಏಳಕ್ಕೂ ಅರ್ಧ ಸ್ವರ ಏರಿಸುವ ಶಾರ್ಪ್ ಗುರುತು ಹಾಕಿ ಕೊಟ್ಟಿದ್ದೆ. ಆಮೇಲೆ ಬೈದುಕೊಂಡೇ ಒಂದೇ ಟೇಕಿನಲ್ಲಿ ಮುಗಿಸಿದರು. ಎರಡನೆಯದು ಬೇಕಾ ಅಂದದ್ದಕ್ಕೆ, "ಯಾಕೆ, ಮೊದಲನೆಯದರಲ್ಲಿ ಏನು ತಪ್ಪಿದೆ?" ಅಂತ ಕೇಳಿದರು. ಏನೂ ತಪ್ಪಿರಲಿಲ್ಲ.

ಅವರು ಹಣದ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಹೆಸರಿನ ಬಗ್ಗೆ ಮಾತ್ರ ಮೂರು ಸಲ ಕೇಳಿದರು. ಕವರ್ ಮೇಲೆ ಬರುತ್ತದೆ ತಾನೇ? ಕಾರಣ ನನಗೆ ಅರ್ಥವಾಗುತ್ತದೆ. ಮುಂಬಯಿಯ ಸಿನಿಮಾ ಸಂಗೀತಕ್ಕೆ ಹಿತ್ತಾಳೆ ಊದಿದವರು, ಪಿಟೀಲು ಎಳೆದವರು, ನೊಟೇಷನ್ ಬರೆದು ಕೊಟ್ಟವರು, ಅವರಲ್ಲಿ ಎಷ್ಟೊಂದು ಜನ ಗೋವಾದವರು! ಸಂಗೀತ ನಿರ್ದೇಶಕ ಸಿ. ರಾಮಚಂದ್ರರ ಜೊತೆಗಿದ್ದ ಚಿಕ್ ಚಾಕೊಲೇಟ್, ಶಂಕರ್ ಜೈಕಿಶನ್‌ಗೆ ಯಾವ ವಾದ್ಯ ಎಲ್ಲಿ ಏನು ನುಡಿಸಬೇಕು ಅಂತ ಬರೆದುಕೊಡುವ ಅರೇಂಜರ್ ಆಗಿದ್ದ ಸೆಬಾಸ್ಟಿಯನ್ ಡಿಸೋಜ, ಇಂಥ ನಾಲ್ಕಾರು ಹೆಸರುಗಳನ್ನು ಆಸಕ್ತರು ನೆನಪಿಟ್ಟುಕೊಂಡಿದ್ದಾರೆ. ಹಿಂದಿನ ಸಾಲುಗಳಲ್ಲಿ ಕೂತು ನುಡಿಸಿದವರ ಹೆಸರು ರೆಕಾರ್ಡಿನ ಕವರಿಗೆ ಬರುತ್ತಲೇ ಇರಲಿಲ್ಲ. ಊದಿದ ಉಸಿರು ಇವರದು, ಊರೆಲ್ಲ ಹಾಡಿದ್ದು ಇನ್ನೊಬ್ಬರ ಹೆಸರು. ಹೆಸರು ಬರುತ್ತದೆ ಅಂಕಲ್, ದೊಡ್ಡದಾಗಿಯೇ ಬರುತ್ತದೆ ಅಂದೆ.

ವಿಕ್ರೋಲಿಗೆ ಮಸ್ಕತ್‌ನಲ್ಲಿರುವ ಗೆಳೆಯ ಕೀಬೋರ್ಡ್ ನುಡಿಸಿ ಕಳಿಸಿದ. ಹಾಕಿ ಕೇಳಿದರೆ ನನ್ನ ಗಿಟಾರ್ ಒಂದು ದಾರಿ, ಅವನ ಪಿಯಾನೋ ಇನ್ನೊಂದು ದಾರಿ, ಅದೂ ಓಡುತ್ತಾ. ಎರಡು ದಿನ ಅವನನ್ನೇ ಬೈದೆ. ಆಮೇಲೆ ಗೊತ್ತಾಯಿತು, ನನ್ನ ಪ್ರಾಜೆಕ್ಟ್ 48 ಕಿಲೋಹರ್ಟ್ಸ್, ಅವನ ಫೈಲ್ 44.1. ಕಂಪ್ಯೂಟರ್ ಒಂದು ಸೆಕೆಂಡಿಗೆ ಎಷ್ಟು ಸಾವಿರ ಸಲ ಸದ್ದನ್ನು ಅಳೆದು ಬರೆದುಕೊಳ್ಳುತ್ತದೆ ಅನ್ನುವ ಲೆಕ್ಕ ಅದು. ಅದನ್ನು ಬದಲಾಯಿಸದೆ ನೇರವಾಗಿ ಎಳೆದು ಹಾಕಿದ್ದು ನಾನೇ. ಹಾಗೆ ಹಾಕಿದರೆ ಸುಮಾರು ನೂರಕ್ಕೆ ಒಂಬತ್ತರಷ್ಟು ವೇಗ ಹೆಚ್ಚುತ್ತದೆ, ಶ್ರುತಿಯೂ ಜೊತೆಗೇ ಮೇಲಕ್ಕೆ ಹೋಗುತ್ತದೆ, ಅದೂ ಗಿಟಾರಿನ ಕತ್ತಿನ ಮೇಲಿರುವ ಅಡ್ಡಪಟ್ಟಿ, ಫ್ರೆಟ್, ಅಂಥ ಯಾವುದಕ್ಕೂ ಸರಿಹೊಂದದ ಹಾಗೆ ಎರಡು ಫ್ರೆಟ್‌ಗಳ ನಡುವೆ ಹೋಗಿ ನಿಲ್ಲುತ್ತದೆ. ಗೆಳೆಯನಿಗೆ ಕ್ಷಮೆ ಕೇಳಿದ್ದೇನೆ. ಪುಣೆಯಿಂದ ಬಂದ ತಬಲಾ ಹುಡುಗ ಒಂದು ಗಂಟೆಯಲ್ಲಿ ಎರಡು ಟ್ಯೂನ್ ಮುಗಿಸಿ ವಾಪಸ್ ರೈಲು ಹಿಡಿದ. ಅವನ ಬಗ್ಗೆ ಹೇಳಲು ಏನೂ ಇಲ್ಲ, ಅಷ್ಟು ಒಳ್ಳೆಯ ಹುಡುಗ. ಕಾಂಜೂರ್ ಕೆಟ್ಟದ್ದು ಒಬ್ಬ ಗಾಯಕರಿಂದ. ಹೆಸರು ಬೇಡ. ಅವರು ತಮ್ಮ ಆಲಾಪ ಹಾಡಿ, ಅದನ್ನು ಕತ್ತರಿಸಬಾರದು, ಗಿಟಾರ್ ಅದರ ಮೇಲೆ ಬರಬಾರದು, ಮೊದಲೂ ಅವರದೇ ಕೊನೆಯೂ ಅವರದೇ ಆಗಿರಬೇಕು ಅಂತ ಷರತ್ತು ಹಾಕಿದರು. ನನ್ನ ಮನೆಗೆ ಬಂದು ನನ್ನನ್ನೇ ಬಾಗಿಲ ಹೊರಗೆ ನಿಲ್ಲಿಸಿದ ಹಾಗೆ ಅನ್ನಿಸಿತು. ಬಿಟ್ಟುಬಿಟ್ಟೆ.

ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಮೊದಲಲ್ಲಿ ಹೇಳಿದ ಆ ಒಂದು ಟ್ಯೂನ್, ದಿವಾ, ಅದರಲ್ಲಿ ಆದದ್ದೂ ಹೆಚ್ಚುಕಡಿಮೆ ಅದೇ, ಆದರೆ ಅಲ್ಲಿ ನಾನೇ ಬಾಗಿಲು ತೆಗೆದು ಹೊರಗೆ ಹೋದೆ.

ದಿವಾಕ್ಕೆ ಬಂದವರನ್ನು ನಾನು ಅಣ್ಣ ಅನ್ನುತ್ತೇನೆ. ಬಂಟ್ವಾಳದ ಕಡೆಯವರು, ಈಗ ಭಾಂಡುಪ್‌ನಲ್ಲಿದ್ದಾರೆ. ಮದುವೆ, ಗೃಹಪ್ರವೇಶ, ದೇವಸ್ಥಾನದ ಉತ್ಸವಕ್ಕೆ ಸ್ಯಾಕ್ಸೋಫೋನ್ ನುಡಿಸುತ್ತಾರೆ. ಊರ ಕಡೆಯವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ನಮ್ಮ ಕರಾವಳಿಯಲ್ಲಿ ಧಾರೆಯ ಹೊತ್ತಿಗೆ ನಾಗಸ್ವರದ ಜಾಗದಲ್ಲಿ ಸ್ಯಾಕ್ಸೋಫೋನ್ ಕೇಳಿ ಬೆಳೆದವರು ಎಷ್ಟೋ ಜನ. ಬೇರೆ ಕಡೆಯವರಿಗೆ ಹೇಳಿದರೆ ನಂಬುವುದಿಲ್ಲ. ಅಮೆರಿಕದ ಕ್ಲಬ್ಬಿನಲ್ಲಿ ಸಿಗರೇಟು ಹೊಗೆಯ ನಡುವೆ ಇರಬೇಕಾದ ವಾದ್ಯ ಅಡಿಕೆ ಹಿಂಗಾರದ ಪಕ್ಕ ಹೇಗೆ ಬಂತು ಅಂತ ಕೇಳುತ್ತಾರೆ. ಬಂದದ್ದು ಕದ್ರಿ ಗೋಪಾಲನಾಥರಿಂದ. ನಾಗಸ್ವರ ನುಡಿಸುವವರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನೋಡಿ ಮನಸೋತು, ಅದರಲ್ಲಿ ಗಮಕ, ಅಂದರೆ ಸ್ವರದ ತೂಗಾಟ ಬರುವ ಹಾಗೆ ಮಾಡಲು ವರ್ಷಗಟ್ಟಲೆ ಒದ್ದಾಡಿದರು, ಕೀಲಿಗಳನ್ನೇ ಬದಲಾಯಿಸಿಕೊಂಡರು. 1980ರಲ್ಲಿ ಇದೇ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸ್ ವಾದಕ ಜಾನ್ ಹ್ಯಾಂಡಿ ಇವರನ್ನು ಕೇಳಿ ವೇದಿಕೆಯಲ್ಲಿ ಜೊತೆಗೂಡಿ ನುಡಿಸಿದರು. 2008ರಲ್ಲಿ ಅಮೆರಿಕದ ಇನ್ನೊಬ್ಬ ಸ್ಯಾಕ್ಸ್ ವಾದಕ ರುದ್ರೇಶ್ ಮಹಂತಪ್ಪ ಜೊತೆ ಒಂದು ಆಲ್ಬಮ್ ಬಂತು, 'ಕಿನ್ಸ್‌ಮೆನ್' ಅಂತ. ಎರಡು ಆಲ್ಟೋ ಸ್ಯಾಕ್ಸ್, ಅವುಗಳ ನಡುವೆ ರೆಝ್ ಅಬ್ಬಾಸಿ ಗಿಟಾರ್. ಆ ಗಿಟಾರಿಸ್ಟ್ ಎಲ್ಲಿ ಸುಮ್ಮನಿರುತ್ತಾರೆ ಅನ್ನುವುದನ್ನು ನಾನು ಮೊದಲೇ ಗಮನ ಇಟ್ಟು ಕೇಳಬೇಕಿತ್ತು. ಕೇಳಿದ್ದು ಎಲ್ಲ ಮುಗಿದ ಮೇಲೆ.

ಅಣ್ಣನನ್ನು ನಾನು ಮೊದಲು ಕಂಡದ್ದು ಮುಲುಂಡ್‌ನ ಒಂದು ಮದುವೆ ಹಾಲ್‌ನಲ್ಲಿ. ಜನ ಊಟಕ್ಕೆ ನುಗ್ಗಿದ್ದರು, ಹಾಲ್ ಖಾಲಿ. ಇವರು ಯಾರಿಗೂ ಅಲ್ಲದ ಹಾಗೆ ಮೋಹನ ರಾಗ ನುಡಿಸುತ್ತಾ ಕೂತಿದ್ದರು. ನಾನು ಊಟ ಬಿಟ್ಟು ನಿಂತೆ. ಯಾರೂ ತಲೆ ಎತ್ತಿ ನೋಡದ ಕಡೆ ನುಡಿಸುವುದು ನನಗೂ ಗೊತ್ತಲ್ಲ, ಅದಕ್ಕೇ ಇರಬೇಕು. ಮುಗಿದ ಮೇಲೆ ಹೋಗಿ ಮಾತಾಡಿಸಿದೆ. ಆಲ್ಬಮ್ ಅಂದೆ, ಜಾಝ್ ಅಂದೆ. "ಜಾಝ್ ಎಲ್ಲ ನನಗೆ ಗೊತ್ತಿಲ್ಲ ಮಾರಾಯ್ರೆ. ಶ್ರುತಿ ಸರಿ ಇದ್ದರೆ ಬರ್ತೇನೆ" ಅಂದರು.

ಶ್ರುತಿ ಸರಿ ಇರಲಿಲ್ಲ. ಅದೇ ಮೊದಲ ಪೆಟ್ಟು. ದಿವಾ ಕೂಡ ಇ ಯಲ್ಲೇ ಇತ್ತು, ಇ ಮೈನರ್. ನಾನು ಬುದ್ಧಿ ಕಲಿಯುವವನಲ್ಲ. "ಇ ಅಂದರೆ ಬಿಳಿ ಮೂರು ಅಲ್ವಾ? ನಂದು ಕಪ್ಪು ಎರಡು. ಅದು ಬಿಟ್ಟು ಆಗುವುದಿಲ್ಲ" ಅಂದರು ಅಣ್ಣ, ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ. ಗೋವಾ ಅಂಕಲ್ ಬೈದುಕೊಂಡಾದರೂ ಯಾವ ಸ್ಕೇಲಿನಲ್ಲೂ ನುಡಿಸುತ್ತಾರೆ. ಅಣ್ಣನಿಗೆ ಷಡ್ಜ ಒಂದೇ ಕಡೆ, ಬೆರಳು ಕೂರುವುದು ಅಲ್ಲೇ, ಗಮಕವೆಲ್ಲ ಅಲ್ಲಿಂದಲೇ ಹುಟ್ಟುವುದು. ಕಪ್ಪು ಎರಡು ಅಂದರೆ ಇ ಫ್ಲಾಟ್. ನಾನು ಮನೆಗೆ ಬಂದು ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿ, ಎಲ್ಲ ಗಿಟಾರುಗಳನ್ನೂ ಹೊಸದಾಗಿ ನುಡಿಸಿದೆ. ಮೂರು ಭಾನುವಾರ ಹೋಯಿತು. ತಂತಿ ಸಡಿಲವಾದ ಮೇಲೆ ದನಿ ಸ್ವಲ್ಪ ದಪ್ಪಗಾಯಿತು. ಅದು ಇಷ್ಟವಾಯಿತು, ಅದು ಬೇರೆ ಮಾತು.

ರೆಕಾರ್ಡಿಂಗ್ ಇದ್ದದ್ದು ಒಂದು ಸಣ್ಣ ಸ್ಟುಡಿಯೋದಲ್ಲಿ, ನಾಲ್ಕು ಗಂಟೆಯ ಶಿಫ್ಟ್. ಅಣ್ಣ ಹತ್ತು ನಿಮಿಷ ಮೊದಲೇ ಬಂದರು. ಒಂದು ಕೈಯಲ್ಲಿ ಸ್ಯಾಕ್ಸ್, ಇನ್ನೊಂದರಲ್ಲಿ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ, ಬಗಲಲ್ಲಿ ಊಟದ ಡಬ್ಬಿ. ಬೂಟು ಬಿಟ್ಟು ಒಳಗೆ ಬಂದರು. ಇಂಜಿನಿಯರ್ ಹುಡುಗ ಕುರ್ಚಿ ಕೊಟ್ಟ. ಅವರು ನೆಲದಲ್ಲಿ ಕೂತರು, ಅವನು ಮೈಕನ್ನು ಇಳಿಸಿದ. ಹೆಡ್‌ಫೋನ್ ಒಂದು ಕಿವಿಗೆ ಮಾತ್ರ. ಮೊದಲ ಮಾತೇ, "ಈ ಟಕ್ ಟಕ್ ತೆಗೀರಿ." ಲಯ ತಪ್ಪದಿರಲೆಂದು ಹೆಡ್‌ಫೋನಿನಲ್ಲಿ ಹಾಕುವ ಕ್ಲಿಕ್ ಹೋಯಿತು. ಆಮೇಲೆ ಟ್ರ್ಯಾಕ್ ಮೊದಲಿನಿಂದ ಕೊನೆಯವರೆಗೆ ಒಮ್ಮೆ ಹಾಕಿ ಅಂದರು. ಕಣ್ಣು ಮುಚ್ಚಿ ಕೇಳಿದರು. ಸ್ಯಾಕ್ಸ್ ಮುಟ್ಟಲಿಲ್ಲ.

ಆ ಟ್ರ್ಯಾಕಿನಲ್ಲಿ ಏನೇನಿತ್ತು ಅಂತ ಹೇಳಿಬಿಡುತ್ತೇನೆ. ಎಡಕ್ಕೊಂದು ಬಲಕ್ಕೊಂದು ರಿದಮ್ ಗಿಟಾರ್. ಒಂದು ನೈಲಾನ್ ಗಿಟಾರ್. ಮೇಲೆ ಆಕ್ಟೇವಿನಲ್ಲಿ ಮೆಲಡಿ. ಎಲೆಕ್ಟ್ರಿಕ್ ಪಿಯಾನೋ, ಅದರ ಹಿಂದೆ ಉದ್ದಕ್ಕೂ ಹಾಸಿದ ಪಿಟೀಲುಗಳ ದನಿ, ಪ್ಯಾಡ್ ಅನ್ನುತ್ತಾರೆ, ಬಾಸ್, ಡ್ರಮ್ಸ್, ಶೇಕರ್, ಮತ್ತೆ ಎಲ್ಲಿಯೋ ಒಂದು ಗಂಟೆಯ ಟಿಣ್ ಸದ್ದು, ಯಾಕೆ ಹಾಕಿದ್ದೆನೋ. ಅತಿಥಿಗೆ ಅಂತ ಮಧ್ಯೆ ಹದಿನಾರು ಬಾರ್, ಅಂದರೆ ತಾಳದ ಹದಿನಾರು ಸುತ್ತು ಬಿಟ್ಟಿದ್ದೆ.

ಕೇಳಿ ಮುಗಿದ ಮೇಲೆ ಅಣ್ಣ ಕಣ್ಣು ಬಿಟ್ಟರು. "ಚಂದ ಉಂಟು. ಆದರೆ ನಾನು ಎಲ್ಲಿ ನಿಲ್ಲುವುದು ಮಾರಾಯ್ರೆ?"

"ಮಧ್ಯದಲ್ಲಿ ಜಾಗ ಬಿಟ್ಟಿದ್ದೇನಲ್ಲ ಅಣ್ಣ, ಹದಿನಾರು ಬಾರ್."

"ಅಲ್ಲಿ ನಿಮ್ಮ ಮೆಲಡಿ ಇಲ್ಲ, ಸರಿ. ಉಳಿದ ನೀವು ಎಲ್ಲ ಅಲ್ಲೇ ಕೂತಿದ್ದೀರಲ್ಲ."

ಲೋಕಲ್‌ನಲ್ಲಿ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂರು ಜನರ ಸೀಟಿನ ತುದಿಯಲ್ಲಿ ನಾಲ್ಕನೆಯವನು ಅರ್ಧ ಕೂತು ಅರ್ಧ ನೇತಾಡುತ್ತಾ ಬರುತ್ತಾನಲ್ಲ, ಫೋರ್ತ್ ಸೀಟ್, ನಾನು ಅಣ್ಣನಿಗೆ ಕೊಟ್ಟದ್ದು ಅದು. ಅದನ್ನೇ ದೊಡ್ಡ ಉಪಕಾರ ಅಂದುಕೊಂಡಿದ್ದೆ.

ಇಂಜಿನಿಯರ್ ಹುಡುಗ ಒಂದೊಂದೇ ಮ್ಯೂಟ್ ಮಾಡುತ್ತಾ ಹೋದ. ಬಲದ ಗಿಟಾರ್ ಹೋಯಿತು. ಎಡದ್ದು ಹೋಯಿತು. ಪ್ಯಾಡ್ ಹೋಯಿತು. ಗಂಟೆ ಸದ್ದು ಹೋದಾಗ ನನಗೇ ಹಾಯೆನ್ನಿಸಿತು. ಪ್ರತಿ ಸಲ ಅಣ್ಣ ಎರಡು ಸ್ವರ ಊದಿ ನೋಡುವುದು, ತಲೆ ಅಲ್ಲಾಡಿಸುವುದು. ಕೊನೆಗೆ ಬಾಸ್, ಶೇಕರ್, ಎಲೆಕ್ಟ್ರಿಕ್ ಪಿಯಾನೋ, ಇಷ್ಟೇ ಉಳಿದವು. ಆಗಲೂ ಏನೋ ತೊಡಕು. ಅವರು ಗಾಂಧಾರಕ್ಕೆ ಬಂದ ಕೂಡಲೇ ಏನೋ ಕಚ್ಚುತ್ತಿತ್ತು.

ಇಲ್ಲಿ ಸ್ವಲ್ಪ ಶಾಸ್ತ್ರ, ಬೇಡದವರು ದಾಟಿಕೊಂಡು ಹೋಗಿ. ದಿವಾದಲ್ಲಿ ಇರುವುದು ಎರಡೇ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು. ಶ್ರುತಿ ಇಳಿಸಿದರೂ ಬೆರಳಿನ ಲೆಕ್ಕದಲ್ಲೇ ಹೇಳುತ್ತೇನೆ: ಇ ಮೈನರ್ ಸೆವೆನ್, ಎ ಸೆವೆನ್. ಸ್ಮೂತ್ ಜಾಝ್‌ನಲ್ಲಿ ಅರ್ಧಕ್ಕರ್ಧ ಟ್ಯೂನ್ ಇದರ ಮೇಲೇ ನಿಂತಿವೆ ಅನ್ನಿ. ಡೋರಿಯನ್ ಅಂತ ಅವರು ಕರೆಯುವ ಸ್ಕೇಲು, ನಮ್ಮಲ್ಲಿ ಖರಹರಪ್ರಿಯ, ಹಿಂದೂಸ್ತಾನಿಯಲ್ಲಿ ಕಾಫಿ ಥಾಟ್. ಏಳು ಸ್ವರವೂ ಅವೇ, ಹಾಗಾಗಿ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ. ಆದರೆ ಖರಹರಪ್ರಿಯದ ಗಾಂಧಾರ ಒಂದು ಕಡೆ ನಿಲ್ಲುವುದಿಲ್ಲ. ಅದು ತೂಗುತ್ತದೆ, ಕೆಳಗೆ ಮೇಲೆ ಮುಟ್ಟಿ ಬರುತ್ತದೆ. ಪಿಯಾನೋದ ಗಾಂಧಾರ ಗೂಟ ಹೊಡೆದ ಹಾಗೆ ಒಂದೇ ಕಡೆ ನಿಂತಿರುತ್ತದೆ. ಉಯ್ಯಾಲೆ ತೂಗುವ ದಾರಿಯಲ್ಲಿ ಕಂಬ ನಿಲ್ಲಿಸಿದರೆ ಏನಾಗುತ್ತದೆ? ಮೈನರ್ ಸೆವೆನ್‌ನಲ್ಲಿ ಆ ಸ್ವರ ಮೂರನೆಯದಾಗಿ ಕೂತಿದೆ, ಎ ಸೆವೆನ್‌ನಲ್ಲಿ ಏಳನೆಯದಾಗಿ. ಎರಡೂ ಕಾರ್ಡಿನಲ್ಲಿ ಅದೇ ಕಂಬ.

ತೆಗೆದೆ. ಮೊದಲ ಕಾರ್ಡಿನಲ್ಲಿ ಸ, ಪ, ನಿ ಮಾತ್ರ. ಎರಡನೆಯದರಲ್ಲಿ ಮ, ಧ, ಸ. ನಾನೇ ಕೀಬೋರ್ಡಿನ ಮುಂದೆ ಕೂತು, ಇಪ್ಪತ್ತು ನಿಮಿಷದಲ್ಲಿ ಆ ಒಂದು ಸ್ವರವನ್ನು ಹುಡುಕಿ ಹುಡುಕಿ ಅಳಿಸಿದೆ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಶಿಫ್ಟಿನಲ್ಲಿ ಆಗಲೇ ಎರಡೂವರೆ ಗಂಟೆ ಕಳೆದಿತ್ತು, ಅಣ್ಣ ಡಬ್ಬಿ ಬಿಚ್ಚಿ ನೀರುದೋಸೆ ಮುಗಿಸಿದ್ದರು.

ಆಮೇಲೆ ಅವರು ನುಡಿಸಿದರು. ಒಂದೇ ಟೇಕ್. ಹದಿನಾರು ಬಾರ್ ಮುಗಿಯಿತು, ನಿಲ್ಲಿಸಲಿಲ್ಲ. ಮೂವತ್ತೆರಡಾಯಿತು. ನನ್ನ ಮೆಲಡಿ ವಾಪಸ್ ಬರಬೇಕಾದ ಜಾಗ ಬಂತು, ಹುಡುಗ ಗಾಜಿನ ಈಚೆಯಿಂದ ನನ್ನ ಮುಖ ನೋಡಿದ, ಆನ್ ಮಾಡಲೇ ಅಂತ. ನಾನು ಕೈ ಅಡ್ಡ ಆಡಿಸಿದೆ. ತಾಳವನ್ನು ಅವರು ತೊಡೆಯ ಮೇಲೆ ಬೆರಳಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲವಲ್ಲ, ಎರಡೂ ಕೈ ವಾದ್ಯದ ಮೇಲೆ. ಕಾಲಿನ ಹೆಬ್ಬೆರಳು ಮಾತ್ರ ಕಂಬಳಿಯ ಮೇಲೆ ಮೆಲ್ಲಗೆ ಆಡುತ್ತಿತ್ತು. ಕೊನೆಗೆ ಬಾಸ್ ಕೂಡ ಮುಗಿದು ಹೋದ ಮೇಲೆ ಒಬ್ಬರೇ ಸ್ವಲ್ಪ ಹೊತ್ತು ಊದಿ, ಷಡ್ಜಕ್ಕೆ ಬಂದು, ಶ್ರುತಿ ಪೆಟ್ಟಿಗೆ ಆರಿಸಿದರು. ಆ ಟಿಕ್ ಸದ್ದು ಕೂಡ ರೆಕಾರ್ಡ್ ಆಗಿದೆ. ಅದನ್ನು ತೆಗೆಯುವುದಿಲ್ಲ.

ಮನೆಗೆ ತಂದು ಎರಡು ವಾರ ಅದರ ಮೇಲೆ ಗಿಟಾರ್ ಇಡಲು ನೋಡಿದೆ. ನಿಜ ಹೇಳುತ್ತೇನೆ, ಹೊಟ್ಟೆಕಿಚ್ಚೂ ಇತ್ತು. ನನ್ನ ದುಡ್ಡು, ನನ್ನ ಟ್ಯೂನ್, ಮೂರು ಭಾನುವಾರ. ಆಕ್ಟೇವ್ ಇಟ್ಟೆ, ಕೇಳಿದೆ, ತೆಗೆದೆ. ನೈಲಾನ್ ಇಟ್ಟೆ, ತೆಗೆದೆ. ಈಗ ದಿವಾದಲ್ಲಿ ನಾನು ಇರುವುದು ಅಣ್ಣ ಉಸಿರು ಎಳೆದುಕೊಳ್ಳುವ ಜಾಗಗಳಲ್ಲಿ ಮಾತ್ರ. ಅಲ್ಲೊಂದು ಇಲ್ಲೊಂದು, ಹೆಬ್ಬೆರಳಲ್ಲಿ. ಒಟ್ಟು ನಲವತ್ತೊಂದು ಸಲ ತಂತಿ ಮುಟ್ಟಿದ್ದೇನೆ, ಎಣಿಸಿದ್ದೇನೆ. ಹೆಂಡತಿ ಕೇಳಿ, "ಇದು ಹಲ್ಲಿನ ಡಾಕ್ಟ್ರದ್ದು ಅಲ್ಲ" ಅಂದಳು. ಸ್ವಲ್ಪ ತಡೆದು, "ನೀವು ಎಲ್ಲಿ ಇದ್ದೀರಿ ಇದರಲ್ಲಿ?" ಅಂತಲೂ ಕೇಳಿದಳು. ಇರು, ಬರ್ತೇನೆ ಅಂದೆ. ಮೊದಲ ಸ್ವರ ಬರುವ ಹೊತ್ತಿಗೆ ಅವಳು ಕುಕ್ಕರ್ ನೋಡಲು ಎದ್ದು ಹೋಗಿದ್ದಳು.

ಆಲ್ಬಮ್ ಅಪ್‌ಲೋಡ್ ಮಾಡುವ ಫಾರ್ಮಿನಲ್ಲಿ ಮುಖ್ಯ ಕಲಾವಿದ, ಅತಿಥಿ ಕಲಾವಿದ ಅಂತ ಎರಡು ಖಾನೆ ಇವೆ. ದಿವಾಕ್ಕೆ ಅಣ್ಣನ ಹೆಸರನ್ನು ಮುಖ್ಯದಲ್ಲಿ ಹಾಕಿದ್ದೇನೆ, ನನ್ನದನ್ನು ಅತಿಥಿಯಲ್ಲಿ. ದುಡ್ಡಿನ ಆಸೆ ಯಾರಿಗೂ ಇಲ್ಲ. ಸ್ಪಾಟಿಫೈಯಲ್ಲಿ 2024ರಿಂದ ಒಂದು ಟ್ರ್ಯಾಕ್ ಹನ್ನೆರಡು ತಿಂಗಳಲ್ಲಿ 1000 ಸಲ ಕೇಳಿಸಿಕೊಳ್ಳದಿದ್ದರೆ ಅದಕ್ಕೆ ಪೈಸೆಯೂ ಇಲ್ಲ, ನನ್ನ ನೆಂಟರೆಲ್ಲ ಸೇರಿದರೂ ಅಷ್ಟಾಗುವುದಿಲ್ಲ. ಅಣ್ಣನ ಬೇಡಿಕೆ ಬೇರೆ ಇತ್ತು. ಹೆಸರಿನ ಪಕ್ಕ ಫೋನ್ ನಂಬರ್ ಹಾಕಲು ಆಗ್ತದಾ ಅಂತ ಕೇಳಿದರು, ಮದುವೆಗೆ ಕರೆಯುವವರಿಗೆ ಅನುಕೂಲ. ಅದಕ್ಕೆ ಖಾನೆ ಇಲ್ಲ ಅಣ್ಣ ಅಂದೆ. ಎಂತ ಫಾರ್ಮ್ ಮಾರಾಯ್ರೆ ಅದು ಅಂದರು.

ಶಿಫ್ಟಿನ ಕೊನೆಗೆ ಲಕೋಟೆ ಕೊಡಲು ಹೋದಾಗ ಅವರು ತೆಗೆದುಕೊಂಡಿರಲಿಲ್ಲ. "ಮೇ ತಿಂಗಳಲ್ಲಿ ನಮ್ಮ ಅಕ್ಕನ ಮಗಳ ಮದುವೆ ಉಂಟು. ಗಿಟಾರ್ ತಕ್ಕೊಂಡು ಬನ್ನಿ, ನಮ್ಮ ಜೊತೆ ಕೂತ್ಕೊಳ್ಳಿ." ಮುಯ್ಯಿ.

ಹೋದೆ, ಹೋದ ಭಾನುವಾರ. ಪಂಚೆ ಉಟ್ಟು, ಸಣ್ಣ ಆಂಪ್ ಹೊತ್ತುಕೊಂಡು, ತಂತಿಗಳನ್ನು ಅರ್ಧ ಸ್ವರ ಇಳಿಸಿಕೊಂಡು. ಅಣ್ಣ ಮಧ್ಯೆ, ಎಡಕ್ಕೆ ಡೋಲು, ಬಲಕ್ಕೆ ತಾಳ, ತುದಿಯಲ್ಲಿ ನಾನು. ಕಾಗದ ಇಲ್ಲ, ಬಾರ್ ಇಲ್ಲ, ಶುರುವಾಗುವ ಮೊದಲು ಅಣ್ಣ ಬಾಯಿಂದ ರೀಡ್ ತೆಗೆದು ರಾಗದ ಹೆಸರು ಹೇಳಿದರೆ ಅದೇ ದೊಡ್ಡದು. ಡೋಲಿನ ಮುಂದೆ ನನ್ನ ಗಿಟಾರ್ ನನಗೇ ಕೇಳುತ್ತಿರಲಿಲ್ಲ. ಗಟ್ಟಿಮೇಳ ಬಂದಾಗ ನಾನು ಸುಮ್ನೆ ಕೂತು ನೋಡಿದೆ. ಧಾರೆ ಆಯಿತು, ಜನ ಊಟದ ಕಡೆ ಹೊರಟರು. ಮೋಹನ ಶುರುವಾಯಿತು. ಎರಡು ಸುತ್ತು ಆದ ಮೇಲೆ ಅಣ್ಣ ಪಂಚಮದಲ್ಲಿ ನಿಲ್ಲಿಸಿ ಉಸಿರು ಎಳೆದುಕೊಂಡರು, ಉಸಿರು ಮುಗಿದರೂ ಸ್ಯಾಕ್ಸ್ ಬಾಯಿಗೆ ಇಡಲಿಲ್ಲ, ಡೋಲಿನವರು ಕೈ ಇಳಿಸಿ ಬರೀ ಬೆರಳಲ್ಲಿ ತಟ್ಟತೊಡಗಿದರು. ನನಗೆ ಅರ್ಥವಾಗಲು ಅರ್ಧ ಆವರ್ತ ಬೇಕಾಯಿತು. ನುಡಿಸಿದೆ. ಅಭ್ಯಾಸದಂತೆ, ಹೆಬ್ಬೆರಳಲ್ಲಿ, ಮೆತ್ತಗೆ.

ಮೊದಲ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ಊಟಕ್ಕೆ ಎದ್ದಿರಲಿಲ್ಲ. ಕುರ್ಚಿ ಎಳೆದುಕೊಂಡು ಹತ್ತಿರ ಬಂದು, ಕಿವಿಯ ಹಿಂದೆ ಕೈ ಇಟ್ಟು, "ಸ್ವಲ್ಪ ದೊಡ್ಡಕೆ ಬಾರಿಸು ಮಗಾ, ಕೇಳುವುದಿಲ್ಲ" ಅಂದರು.

ಆಂಪಿನ ಗುಂಡಿ ಎರಡರಲ್ಲಿತ್ತು. ಆರಕ್ಕೆ ತಿರುಗಿಸಿದೆ.